ಹೆಳವರ ಹೊತ್ತಿಗೆಯಿಂದ ತಪ್ಪಿಹೋದ ಅಳಿಯ ತಾತ

ದೆವ್ವ, ಭೂತ, ಸತ್ತವರು ಎದ್ದು ಬಂದು ಎದುರಿಗೆ ನಿಲ್ಲುವುದು, ಇಂಥ ಮಾತನ್ನು ಯಾರಾದರೂ ತೆಗೆದರೆ ನಾನು ನಗುತ್ತಿದ್ದೆ. ಬರೀ ನಗುತ್ತಿರಲಿಲ್ಲ, ಹೇಳುವವರಿಗೆ ಅಡ್ಡಪ್ರಶ್ನೆ ಹಾಕಿ, ಪೇಚಿಗೆ ಸಿಕ್ಕಿಸಿ, ಆಮೇಲೆ ನಗುತ್ತಿದ್ದೆ. "ನೀನೇ ಕಣ್ಣಾರೆ ಕಂಡೆಯಾ?" ಎಂದು ಕೇಳಿದರೆ ಸಾಕು, "ನಾನಲ್ಲ, ನಮ್ಮ ಸೋದರಮಾವನ ಷಡ್ಡಕ ಕಂಡಿದ್ದಾನೆ" ಎಂದು ಜಾರಿಕೊಳ್ಳುತ್ತಿದ್ದರು. ಈಗ ನನ್ನ ಸರದಿ ಬಂದಿದೆ. ಯಾವ ಷಡ್ಡಕನ ಬೆನ್ನ ಹಿಂದೆಯೂ ಅಡಗಿಕೊಳ್ಳದೆ ಹೇಳಿಬಿಡುತ್ತೇನೆ: ಇದು ನನಗೇ ಆದದ್ದು, ಅದೂ ಹಾಡಹಗಲಲ್ಲಿ. ನಗುವವರು ಧಾರಾಳವಾಗಿ ನಗಬಹುದು. ಕೊನೆಯ ತನಕ ಓದಿ ನಗಿ ಎಂದಷ್ಟೇ ನನ್ನ ಕೋರಿಕೆ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಆದೋನಿ ಇನ್ನೂ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನಾನು ಆದೋನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಗುಮಾಸ್ತನಾಗಿದ್ದೆ. ಹಳ್ಳಿಗಳಿಂದ ಬರುವ ಹತ್ತಿ ಬಂಡಿಗಳನ್ನು ಗೇಟಿನಲ್ಲಿ ನಿಲ್ಲಿಸಿ, ದೊಡ್ಡ ಚೀಲದಂಥ ಅಂಡಿಗೆಯೊಳಗೆ ಮೊಣಕೈ ತನಕ ಕೈ ತೂರಿಸಿ, ಒಳಗಿನ ಹತ್ತಿ ಒಣಗಿದೆಯೋ ಹಸಿಯೋ ಎಂದು ಹೇಳುವುದು ನನ್ನ ಕೆಲಸ. ನಾನು "ಹಸಿ" ಎಂದರೆ ಬಂಡಿ ಬಿಸಿಲಿಗೆ ಹೋಗಿ ನಿಲ್ಲಬೇಕು. ಇಪ್ಪತ್ತಮೂರು ವರ್ಷದವನಿಗೆ ಅಷ್ಟು ಅಧಿಕಾರ ಸಿಕ್ಕರೆ ತಲೆ ತಿರುಗದೆ ಇದ್ದೀತೇ? ನನ್ನ ಬೆರಳಿಗೆ ತಿಳಿಯದ್ದು ಲೋಕದಲ್ಲೇ ಇಲ್ಲ ಎಂದು ತಿಳಿದುಕೊಂಡಿದ್ದೆ.

ಒಂದು ದಿನ ಹೀಗೇ ಒಂದು ಬಂಡಿಗೆ ಕೈ ಹಾಕಿ "ಹಸಿ" ಎಂದೆ. ಬಂಡಿಯ ಮುಂದುಗಡೆ ಮೂಕಿಯ ಹತ್ತಿರ ಕೂತಿದ್ದ ಮುದುಕ ಎತ್ತುಗಳನ್ನು ಬಿಸಿಲಿನ ಕಡೆಗೆ ತಿರುಗಿಸತೊಡಗಿದ. ಅವನ ಹಿಂದೆ ಅಂಡಿಗೆಗೆ ಒರಗಿ ಕೂತಿದ್ದ ಹುಡುಗಿ ಮಾತ್ರ ಸುಮ್ಮನಿರಲಿಲ್ಲ.

"ಹತ್ತಿ ಹಸಿ ಇಲ್ರಿ ಗುಮಾಸ್ತ್ರೆ. ನಿಮ್ಮ ಕೈ ಹಸಿ ಅದಾವ. ಒರೆಸ್ಕೊಂಡು ಬಂದು ನೋಡ್ರಿ."

ಸುತ್ತ ನಿಂತಿದ್ದ ಹಮಾಲರೆಲ್ಲ ಗೊಳ್ಳೆಂದು ನಕ್ಕರು. ನಾನು ಆಗಷ್ಟೇ ಕೈ ತೊಳೆದು ಬಂದಿದ್ದುದು ನಿಜ. ಒರೆಸಿಕೊಂಡು ಮತ್ತೆ ನೋಡಿದೆ. ಹತ್ತಿ ಗರಿಗರಿಯಾಗಿ ಒಣಗಿತ್ತು. ಆಕೆಯ ಹೆಸರು ಸುಂಕಮ್ಮ ಎಂದೂ, ಆದೋನಿಯಿಂದ ಎರಡು ಹರದಾರಿ ದೂರದ ಹಳ್ಳಿಯವಳೆಂದೂ, ಆ ಮುದುಕ ಆಕೆಯ ತಾತ ತಿಕ್ಕಣ್ಣನೆಂದೂ, ಅವರು ನಮ್ಮ ಜನವೇ ಎಂದೂ ಅಂದು ಸಂಜೆಯೊಳಗೆ ಪತ್ತೆ ಹಚ್ಚಿಬಿಟ್ಟೆ. ಮದುವೆಯಾದರೆ ಇವಳನ್ನೇ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಅಪ್ಪನಿಗೆ ಹೇಳಿದಳು. ಹೋಳಿ ಹುಣ್ಣಿಮೆಯ ಮಾರನೆಯ ದಿನ ನಮ್ಮ ಹಿರಿಯರು ಹೆಣ್ಣು ಕೇಳಲು ಹೋದರು. ಹೋಗಬಾರದೆಂಬ ರೂಢಿಯಿದ್ದರೂ ನಾನು ಬಂಡಿ ಹೊಡೆಯುವ ನೆಪದಲ್ಲಿ ಜೊತೆಗೆ ಹೋದೆ.

ಎಲ್ಲ ಸುಸೂತ್ರವಾಗಿ ನಡೆದಿತ್ತು. ಎಲೆ ಅಡಿಕೆಯ ತಟ್ಟೆಯೂ ಬಂದಿತ್ತು. ಅಷ್ಟರಲ್ಲಿ ತಿಕ್ಕಣ್ಣ ತಾತ ನಮ್ಮ ಬೆಡಗು ಯಾವುದೆಂದು ಕೇಳಿದ. ನಮ್ಮಲ್ಲಿ ಒಂದು ಬೆಡಗಿನವರೆಲ್ಲ ಒಬ್ಬ ಮೂಲಪುರುಷನ ಮಕ್ಕಳು; ಎಷ್ಟೇ ದೂರದ ಊರಿನವರಾದರೂ ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ಬೆಡಗು ಅಪ್ಪನಿಂದ ಮಗನಿಗೆ ಬರುತ್ತದೆ. ಅಪ್ಪ ಎದೆಯುಬ್ಬಿಸಿ "ಆನೆ ಬೆಡಗು" ಎಂದ. ತಿಕ್ಕಣ್ಣ ತಾತ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

"ಆನಿ ಬೆಡಗು ಆದೋನಿ ನರಸಪ್ಪಂದು. ನರಸಪ್ಪಗ ಗಂಡುಮಕ್ಕಳಿಲ್ಲ, ಒಬ್ಬಾಕಿ ಮಗಳು. ಮನೆಯಳಿಯನ್ನ ತಂದು ಇಟ್ಕೊಂಡಿದ್ದ. ನೀವು ಆ ಅಳಿಯನ ಹೊಟ್ಟೀಲೆ ಹುಟ್ಟಿದೋರು. ಆತನ ಬೆಡಗು ಯಾವುದು, ಅದನ್ನ ಹೇಳ್ರಿ."

ಮನೆಯಲ್ಲಿ ನಾವು ಅಳಿಯ ತಾತ ಎನ್ನುತ್ತಿದ್ದ ಆ ಮನೆಯಳಿಯ ನನ್ನ ತಾತನ ತಾತ. ಅವನು ಹೊರಗಿನಿಂದ ಬಂದವನೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲಿಂದ ಬಂದ, ಯಾರ ಮಗ, ಹೆಸರೇನು ಎಂದು ನೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ತಿಕ್ಕಣ್ಣ ತಾತ ಕೇಳಿದ್ದಕ್ಕೆ ಕಾರಣವಿತ್ತು. ಅವರದು ಜೀರಿಗೆ ಬೆಡಗು. ಅವರ ಮನೆತನದ ಹುಡುಗನೊಬ್ಬ ಹಿಂದೆ ಆದೋನಿಯ ಕಡೆ ಮನೆಯಳಿಯನಾಗಿ ಹೋದವನು ಮರಳಿ ಬರಲಿಲ್ಲ ಎಂದು ತಿಕ್ಕಣ್ಣನ ಅಜ್ಜಿ ಹೇಳುತ್ತಿದ್ದಳಂತೆ. ಅವನೇ ನಮ್ಮ ಅಳಿಯ ತಾತನಾಗಿದ್ದರೆ ಸುಂಕಮ್ಮ ನನಗೆ ತಂಗಿಯಾಗಬೇಕು.

"ಉಗಾದಿ ಒಳಗ ಹೇಳ್ರಿ. ಹೇಳಿದ್ರ ಹುಡುಗಿ ನಿಮ್ದು. ಇಲ್ಲಾಂದ್ರ ಬಳ್ಳಾರಿ ಕಡೇದು ಒಂದು ಸಂಬಂಧ ಬಂದೈತಿ," ಎಂದು ಮುದುಕ ಮಾತು ಮುಗಿಸಿದ. ಬಾಗಿಲ ಸಂದಿಯಲ್ಲಿ ಸುಂಕಮ್ಮನ ಮುಖ ಕಂಡಿತು. ಗೇಟಿನಲ್ಲಿ ನನ್ನನ್ನು ಗೇಲಿ ಮಾಡಿದ್ದ ಕಣ್ಣುಗಳು ಈಗ ನಗುತ್ತಿರಲಿಲ್ಲ. ಯುಗಾದಿಗೆ ಇನ್ನು ಎರಡೇ ವಾರ.

ಅಳಿಯ ತಾತ ಹೀಗೆ ತಪ್ಪಿಹೋದದ್ದು ಹೇಗೆ ಎಂದು ಹೇಳಬೇಕಾದರೆ ಹೆಳವರ ವಿಷಯ ಹೇಳಬೇಕು. ಹೆಳವರು ಮನೆತನಗಳ ವಂಶಾವಳಿ ಒಪ್ಪಿಸುವವರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಎರಡು ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬಾಗಿಲಿಗೆ ಬರುತ್ತಾರೆ. ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಹೆಸರು ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಯಲ್ಲಿ ಸೇರಿಸಿಕೊಂಡು ಕಾಳು ಬಟ್ಟೆ ಪಡೆದು ಹೋಗುತ್ತಾರೆ. ಒಂದೊಂದು ಬೆಡಗಿಗೆ ಒಬ್ಬೊಬ್ಬ ಹೆಳವ. ನಮ್ಮ ಮನೆಗೆ ಬರುತ್ತಿದ್ದವನು ಆನೆ ಬೆಡಗಿನ ಹೆಳವ, ಅಂದರೆ ನರಸಪ್ಪನ ಕಡೆಯವನು. ಅವನು "ನರಸಪ್ಪ, ನರಸಪ್ಪನ ಮೊಮ್ಮಗ ಹನುಮಪ್ಪ" ಎಂದು ಹಾಡುತ್ತಿದ್ದ. ನಡುವೆ ಒಂದು ತಲೆ ಹಾರಿಹೋಗುತ್ತದೆಂದು ನಾನು ಹುಟ್ಟಿದಂದಿನಿಂದ ಕೇಳಿದರೂ ಗಮನಿಸಿರಲಿಲ್ಲ. ಅಳಿಯ ಬೇರೆ ಬೆಡಗಿನವನು, ಅವನನ್ನು ಹೇಳುವುದು ಈ ಹೆಳವನ ಕೆಲಸವಲ್ಲ. ಅಳಿಯನನ್ನು ಹೆತ್ತ ಮನೆಯ ಹೆಳವನೋ, ಅವನು ಮನೆ ಬಿಟ್ಟು ಹೋದನಲ್ಲ ಎಂದು ಅಲ್ಲಿಗೇ ನಿಲ್ಲಿಸಿರುತ್ತಾನೆ. ಒಟ್ಟಿನಲ್ಲಿ ಮನೆಯಳಿಯ ಇತ್ತ ಕಡೆಯ ಲೆಕ್ಕಕ್ಕೂ ಇಲ್ಲ, ಅತ್ತ ಕಡೆಯ ಲೆಕ್ಕಕ್ಕೂ ಇಲ್ಲ. ನಾವು ಮಾತ್ರ ಅವನ ಬೆವರಿನಲ್ಲಿ ಬೆಳೆದ ಹೊಲ ಉಂಡು, ಮಾವನ ಬೆಡಗು ಹೇಳಿಕೊಂಡು ಮೀಸೆ ತಿರುವುತ್ತಿದ್ದೆವು.

ಅಂದು ರಾತ್ರಿ ಊಟ ಸೇರಲಿಲ್ಲ. ಬೆಳಗಾದ ಮೇಲೆ ಅಜ್ಜಿಯ ಟ್ರಂಕಿನ ಮುಂದೆ ಕೂತೆ. ಹಳೆಯ ಸೀರೆಗಳ ಕೆಳಗೆ, ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಲಗ್ನಪತ್ರಿಕೆಗಳ ಕಟ್ಟು ಸಿಕ್ಕಿತು. ಮನೆಯಲ್ಲಿ ಆದ ಮದುವೆಗಳೆಲ್ಲ ಅದರಲ್ಲಿದ್ದವು. ತೀರ ಅಡಿಯಲ್ಲಿದ್ದ ಕಾಗದ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಕೂಡಿಸಿ ಬರೆದ ಹಳೆಯ ಅಕ್ಷರ. ಚಾಪೆಯ ಮೇಲೆ ತುಂಡುಗಳನ್ನು ಜೋಡಿಸಿ, ಬೋರಲಾಗಿ ಮಲಗಿ, ಅಕ್ಷರ ಅಕ್ಷರ ಬಿಡಿಸಿ ಓದಿದೆ. ವಧು, ನರಸಪ್ಪನ ಮಗಳು ಮಾರೆಮ್ಮ. ವರ, ಈರಣ್ಣ. ವರನ ತಂದೆಯ ಹೆಸರು ಇರಬೇಕಾದಲ್ಲಿಯೂ ನರಸಪ್ಪನ ಹೆಸರೇ ಇತ್ತು. ಮನೆಯಳಿಯನನ್ನು ಮಗನೆಂದೇ ತಂದುಕೊಂಡಿದ್ದರಲ್ಲ! ಆದರೆ ಕೆಳಗೆ ಸಾಕ್ಷಿ ಹಾಕಿದವರಲ್ಲಿ ಒಬ್ಬ ಕೌತಾಳಂ ಬಸಣ್ಣ. ನಾನು ಎದ್ದು ಕುಣಿದೆನೆಂದರೆ ನೀವು ನಂಬಬೇಕು. ಅಜ್ಜಿ ನನಗೆ ಚೇಳು ಕಡಿಯಿತೆಂದುಕೊಂಡು ಓಡಿಬಂದಳು. ಅಳಿಯ ತಾತನಿಗೆ ಒಂದು ಹೆಸರು ಸಿಕ್ಕಿತ್ತು.

ಹೆಸರು ಸಿಕ್ಕಿದ್ದೇನೋ ನಿಜ. ಆದರೆ ಕೌತಾಳಂ ಸೀಮೆಯಲ್ಲಿ ನಿಂತು "ಈರಣ್ಣಾ" ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಅದಕ್ಕೆ ಹೆದರದೆ ಜಿನ್ನಿನಲ್ಲಿ ಮೂರು ದಿನದ ರಜೆ ಬೇಡಿ, ಮೊದಲನೆಯ ದಿನವೇ ಕೌತಾಳಂ ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದಾಗಲೆಲ್ಲ ನಾವು ಇಳಿದು ತಳ್ಳಬೇಕಾಗಿತ್ತು. ನನಗೆ ಅವಸರವಾಗಿ ಇಳಿಜಾರಿನಲ್ಲಿಯೂ ತಳ್ಳಲು ಹೋಗಿ ಡ್ರೈವರನ ಬೈಗಳು ತಿಂದೆ.

ಬಸಣ್ಣನ ಮರಿಮಗ ಲಿಂಗಣ್ಣ ಮನೆಯ ಕಟ್ಟೆಯ ಮೇಲೆ ಪುಂಡಿ ನಾರು ಹೊಸೆಯುತ್ತ ಕೂತಿದ್ದ. ಅರವತ್ತು ದಾಟಿದವನು. ಆದೋನಿಯಿಂದ ಬಂದೆ, ನರಸಪ್ಪನ ಮನೆಯಳಿಯ ಈರಣ್ಣನ ವಿಷಯ ಕೇಳಬೇಕಾಗಿತ್ತು ಎಂದೆ. ಅವನ ಕೈ ನಿಂತಿತು.

"ಏನಪಾ, ನಿನ್ನೆನೂ ಇದಕ್ಕೇ ಒಬ್ಬಾತ ಬಂದಿದ್ದ. ನಿಮ್ಮನಿಯಾತ ಏನು?"

ನಮ್ಮ ಮನೆಯಿಂದ ಯಾರೂ ಬಂದಿರಲಿಲ್ಲ. ಯಾರು, ಹೇಗಿದ್ದ ಎಂದು ಕೇಳಿದೆ. ಲಿಂಗಣ್ಣ ಆಗ ಒಳಗೆ ಮಲಗಿದ್ದನಂತೆ. ಮಾತಾಡಿಸಿದವಳು ಅವನ ಸೊಸೆ, ಆಕೆ ಹೊಲಕ್ಕೆ ಹೋಗಿದ್ದಳು. ಕಂಬಳಿ ಹೊದ್ದ ಎತ್ತರದ ಮನುಷ್ಯ, ವಯಸ್ಸಾದವನು, ಬರಿಗಾಲು, ಬೊಗಸೆಯಲ್ಲಿ ನೀರು ಕುಡಿದು ಹೋದ. ಅಷ್ಟು ಮಾತ್ರ ಸೊಸೆ ಹೇಳಿದ್ದಳು. ಬಳ್ಳಾರಿಯ ಸಂಬಂಧದವರು ಆಳು ಬಿಟ್ಟಿದ್ದಾರೆ, ನನಗಿಂತ ಮೊದಲು ಜೀರಿಗೆ ಬೆಡಗೆಂದು ಸಾಧಿಸಿ ಮದುವೆ ಮುರಿಯಲು ಹೊರಟಿದ್ದಾರೆ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ.

ಲಿಂಗಣ್ಣ ಒಳ್ಳೆಯವನು. ರೊಟ್ಟಿ ಕೊಟ್ಟು, ತನಗೆ ತಿಳಿದದ್ದನ್ನು ಹೇಳಿದ. ಅವನ ಮುತ್ತಾತ ಬಸಣ್ಣ ಕುರಿ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದನಂತೆ. ಆಸ್ಪರಿಯ ಆಚೆಯಿಂದ ಕುರಿ ಹೊಡೆದುಕೊಂಡು ಬಂದ ಒಬ್ಬ ಹುಡುಗನ ಕೈಗುಣ ನೋಡಿ ಮೆಚ್ಚಿ ನರಸಪ್ಪನಿಗೆ ತೋರಿಸಿದವನು ಅವನೇ. "ಆಸ್ಪರಿ ಹತ್ರ ಈಗ ಹೆಳವರು ಇಳಕೊಂಡಾರ. ಜಲ್ದಿ ಹೋಗು. ಎರಡು ದಿನ ಆದ್ರ ಅವರು ಚೆಲ್ಲಾಪಿಲ್ಲಿ," ಎಂದ.

ಮಾರನೆಯ ಬೆಳಗಿನ ಪ್ಯಾಸೆಂಜರಿನಲ್ಲಿ ಸೈಕಲ್ಲನ್ನು ಬ್ರೇಕ್ ವ್ಯಾನಿಗೆ ಹಾಕಿ ಆಸ್ಪರಿಯಲ್ಲಿ ಇಳಿದೆ. ಊರಾಚೆ ಜಾಲಿಮರಗಳ ಕೆಳಗೆ ಹೆಳವರ ಮೂರು ಬಿಡಾರಗಳಿದ್ದವು. ಕೋಡಿಗೆ ಗೆಜ್ಜೆ ಕಟ್ಟಿದ ಎತ್ತುಗಳು ಮೆಲುಕು ಹಾಕುತ್ತಿದ್ದವು. ಮೊದಲನೆಯ ಬಿಡಾರದ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಗಸಿಗೆ ಬಂದ ಕಾರಣ ಹೇಳಿದೆ. ಆಕೆ ತಲೆಯೆತ್ತಿ ನೋಡಿ, "ಇದೇನು ಈರಣ್ಣನ ಸುಗ್ಗಿನೋ! ನಸುಕಿನಾಗ ಒಬ್ಬಾತ ಬಂದಿದ್ದ. ಈರಣ್ಣ ಅಂದ, ಆದೋನಿ ಅಂದ. ನಮ್ಮೋರು ಇಲ್ಲಪ್ಪ, ಎತ್ತು ಮೇಸಾಕ ಹೋಗ್ಯಾರ, ಆಮ್ಯಾಲ ಬಾ ಅಂದೆ. ನೀರು ಕುಡುದು ಹೋಗೇಬಿಟ್ಟ," ಎಂದಳು.

ಕಂಬಳಿ ಹೊದ್ದಿದ್ದನೇ ಎಂದು ಕೇಳಿದೆ. ಹೊದ್ದಿದ್ದ. ಬರಿಗಾಲೇ? ಬರಿಗಾಲು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಕೌತಾಳಂ ಆದೋನಿಯ ಆಚೆಗೆ, ಆಸ್ಪರಿ ಈಚೆಗೆ. ಮೊನ್ನೆ ಅಲ್ಲಿದ್ದವನು ಇಂದು ನಸುಕಿಗೇ ಇಲ್ಲಿ. ಮುದುಕನೊಬ್ಬ ಅಷ್ಟು ದಾರಿ ಬರಿಗಾಲಲ್ಲಿ ನಡೆದು ಅಷ್ಟರೊಳಗೆ ಬರುವುದು ಸಾಧ್ಯವೇ? ಕುರಿಯವರ ಕಾಲು, ಸಾಧ್ಯವಿದ್ದರೂ ಇರಬಹುದು ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ. ನಿಜ ಹೇಳಬೇಕೆಂದರೆ ಆಗ ನನಗೆ ಆಶ್ಚರ್ಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಅಷ್ಟರಲ್ಲಿ ಅವಳ ಗಂಡ ಬಂದ. ಮೂರೂ ಬಿಡಾರದ ಹೆಳವರು ನನ್ನ ಸುತ್ತ ಕೂತು ತಮ್ಮ ತಮ್ಮ ನೆನಪನ್ನು ಕೆದಕಿದರು. ಈರಣ್ಣಂದಿರು ಸಾಲುಸಾಲಾಗಿ ಬಂದರು: ಹುಲಿ ಕೊಂದ ಈರಣ್ಣ, ಬಾವಿಗೆ ಬಿದ್ದ ಈರಣ್ಣ, ಎರಡು ಹೆಂಡಿರ ಈರಣ್ಣ. ನನ್ನವನು ಬರಲಿಲ್ಲ. ಕೊನೆಗೆ ನಾನು ಮಾರೆಮ್ಮನ ಹೆಸರನ್ನೂ ನರಸಪ್ಪನ ಹೆಸರನ್ನೂ ಹೇಳಿದಾಗ ಆ ಹೆಂಗಸಿನ ಗಂಡ ಇದ್ದಕ್ಕಿದ್ದಂತೆ ತೊಡೆ ತಟ್ಟಿದ. "ನರಸಪ್ಪ! ನಮ್ಮ ಮಾವ ಜಂಬಣ್ಣನ ಹೊತ್ತಿಗ್ಯಾಗ ಐತಿ ಆ ಹೆಸರು. ಸಣ್ಣವನಿದ್ದಾಗ ಬಾಯಿಪಾಠ ಮಾಡಿದ್ನಿ. ಮಾವ ಈಗ ಮದ್ದಿಕೇರದಾಗ ಹುಲಿಗೆವ್ವನ ಮನ್ಯಾಗ ಇಳದಾನ. ಸುಗ್ಗಿ ಆದ ಮ್ಯಾಲ ಅವರ ಮನ್ಯಾಗ ಒಂದು ವಾರ ಇರ್ತಾನ." ಯಾವ ಬೆಡಗು ಎಂದರೆ ತಲೆಯಾಡಿಸಿದ. ಹೊತ್ತಿಗೆ ನೋಡದೆ ಬೆಡಗು ಹೇಳುವುದು ಹೆಳವನಿಗೆ ಪಾಪವಂತೆ.

ಒಂದು ಮಾತನ್ನು ಮಾತ್ರ ನಾನು ಗಟ್ಟಿಯಾಗಿ ಕೇಳಿ ತಿಳಿದುಕೊಂಡೆ. ಬೆಳಗಿನಲ್ಲಿ ಬಂದ ಆ ಮನುಷ್ಯನಿಗೆ ಮದ್ದಿಕೇರದ ಹೆಸರನ್ನು ಯಾರಾದರೂ ಹೇಳಿದ್ದಿರಾ? ಯಾರೂ ಹೇಳಿರಲಿಲ್ಲ. ಅವರಿಗೇ ನೆನಪಾದದ್ದು ಆಗ ತಾನೆ. ನನಗೆ ಆನಂದದಿಂದ ಕೂಗಬೇಕೆನಿಸಿತು. ಇಲ್ಲಿಗೆ ಅವನ ದಾರಿ ಕಟ್ಟಾಯಿತು, ಇನ್ನು ಓಟ ನನ್ನದೇ!

ಸೈಕಲ್ ಹತ್ತಿದವನು ಮದ್ದಿಕೇರದ ತನಕ ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ಬಂಡಿಯ ಜಾಡಿನ ದಾರಿ. ಶೇಂಗಾ ಕಿತ್ತ ಹೊಲಗಳು ಎರಡೂ ಕಡೆ ಬೋಳಾಗಿದ್ದವು. ಬಿಸಿಗಾಳಿ ಎದುರಿಗೇ ಬೀಸುತ್ತಿತ್ತು. ನಾನು ಹಾಡಿಕೊಂಡು ತುಳಿದೆ, ನನ್ನನ್ನು ನಾನೇ ಮದುಮಗ ಎಂದು ಕರೆದುಕೊಂಡು ತುಳಿದೆ. ನಡುನಡುವೆ ಜೀರಿಗೆ ಬೆಡಗೇ ಆಗಿಬಿಟ್ಟರೆ ಎಂಬ ಭಯ ಬರುತ್ತಿತ್ತು. ಆಗ ಮತ್ತಷ್ಟು ಗಟ್ಟಿಯಾಗಿ ಹಾಡುತ್ತಿದ್ದೆ. ಕುರಿ ಕಾಯುವವರು ನಿಂತು ನೋಡಿದರು.

ಹೊತ್ತು ಮುಳುಗಲು ಇನ್ನೂ ಎರಡು ಮಾರು ಇರುವಾಗ ಹುಲಿಗೆವ್ವನ ಮನೆ ಮುಟ್ಟಿದೆ. ಊರಿನ ಕೊನೆಯ ಮನೆ. ಎಂಬತ್ತರ ಹತ್ತಿರದ ಮುದುಕಿ, ಕಿವಿ ಸ್ವಲ್ಪ ಮಂದ, ಕಟ್ಟೆಯ ಮೇಲೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು. ಆದೋನಿ, ಈರಣ್ಣ, ಎಂದು ನಾನು ಏದುಸಿರಿನಲ್ಲಿ ಹೇಳುತ್ತಿದ್ದಂತೆ ಮುದುಕಿ ಕೈ ಎತ್ತಿ ಹೊಲದ ಕಡೆ ತೋರಿಸಿದಳು.

"ಈಗ ಹೋದ ನೋಡಪಾ ಒಬ್ಬಾತ. ಮಜ್ಜಿಗಿ ಕುಡುದು ಈಗ ಇಳದು ಹೋದ."

ಬಟ್ಟಲನ್ನು ನೋಡಿದೆ. ಅಂಚಿನಲ್ಲಿ ಮಜ್ಜಿಗೆಯ ನೊರೆ ಇನ್ನೂ ಆರಿರಲಿಲ್ಲ. ಕಂಬಳಿಯೇ ಅವ್ವಾ ಎಂದೆ. ಹೌದು, ಕಂಬಳಿ ಎಂದಳು. ಸೈಕಲ್ಲನ್ನು ಅಲ್ಲೇ ಬೀಳಿಸಿ ಓಡಿದೆ. ಮನೆಯ ಪಕ್ಕದ ಓಣಿ ಹತ್ತು ಹೆಜ್ಜೆಗೆ ಮುಗಿದು ಬಯಲು ತೆರೆದುಕೊಂಡಿತು. ಆ ಸೀಮೆಯನ್ನು ಕಂಡವರಿಗೆ ಗೊತ್ತು, ಅಲ್ಲಿ ಒಂದು ನಾಯಿ ಅರ್ಧ ಹರದಾರಿ ಆಚೆ ಹೋಗುತ್ತಿದ್ದರೂ ಕಾಣುತ್ತದೆ. ಮರವಿಲ್ಲ, ಗುಡ್ಡವಿಲ್ಲ, ಹಳ್ಳವಿಲ್ಲ, ನಿಂತ ಪೈರಿಲ್ಲ. ಒಬ್ಬ ಹೆಂಗಸು ಮೇವಿನ ಹೊರೆ ಹೊತ್ತು ಎದುರಿಗೆ ಬರುತ್ತಿದ್ದಳು. ಯಾರಾದರೂ ಈ ಕಡೆ ಹೋದರೇನಮ್ಮ ಎಂದೆ. "ಯಾರೂ ಇಲ್ರಿ, ನಾನೊಬ್ಬಾಕಿನೇ," ಎಂದಳು. ಅಷ್ಟು ಹೊತ್ತಿನ ಬಿಸಿಲಿನಲ್ಲಿ ಬೆವರಿ ಬಂದಿದ್ದ ನನಗೆ ಆಗ ಮೊದಲ ಸಲ ಮೈ ಜುಮ್ಮೆಂದಿತು.

ವಾಪಸು ಬರುವಷ್ಟರಲ್ಲಿ ಹೆಳವರ ಜಂಬಣ್ಣ ಒಳಗಿನಿಂದ ಎದ್ದು ಬಂದಿದ್ದ. ನಾನು ಹೆಸರುಗಳನ್ನು ಹೇಳಿದೆ. ಅವನು ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಕೆಂಪು ಬಟ್ಟೆ ಬಿಚ್ಚಿ, ಹೊತ್ತಿಗೆಗೆ ಕೈಮುಗಿದು, ಹಾಳೆ ತಿರುವತೊಡಗಿದ. ಇಷ್ಟು ನಿಧಾನವಾಗಿ ಹಾಳೆ ತಿರುವುವ ಮನುಷ್ಯನನ್ನು ನಾನು ಜನ್ಮದಲ್ಲಿ ನೋಡಿಲ್ಲ. ಕೊನೆಗೆ ಒಂದು ಕಡೆ ಬೆರಳು ನಿಂತಿತು. ರಾಗವಾಗಿ ಓದಿದ:

"ಬೇವಿನ ಬೆಡಗು, ಮದ್ದಿಕೇರದ ಹಿರೇ ಮಲ್ಲಪ್ಪಗ ಇಬ್ಬರು ಗಂಡುಮಕ್ಕಳು. ಹಿರಿಯಾತ ಸೋಮಪ್ಪ. ಕಿರಿಯಾತ ಈರಣ್ಣ, ಆದೋನಿ ನರಸಪ್ಪನ ಮಗಳು ಮಾರೆಮ್ಮಗ ಮನೆಯಳಿಯ ಹೋದ. ಮುಂದ ಗೊತ್ತಿಲ್ಲ."

ಬೇವು! ಜೀರಿಗೆಯಲ್ಲ, ಬೇವು! ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ತಿಳಿಯದು. ಜಂಬಣ್ಣನ ಕಾಲಿಗೆ ಬಿದ್ದೆ, ಹುಲಿಗೆವ್ವನ ಕಾಲಿಗೆ ಬಿದ್ದೆ, ಕಟ್ಟಿಹಾಕಿದ್ದ ಎತ್ತಿನ ಕಾಲಿಗೆ ಬೀಳುವುದೊಂದು ಬಾಕಿ. ಹುಲಿಗೆವ್ವ ಸೋಮಪ್ಪನ ಮನೆಗೆ ಸೊಸೆಯಾಗಿ ಬಂದವಳು. ವಿಷಯ ತಿಳಿದ ಮೇಲೆ ಆಕೆ ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು "ನಮ್ಮನಿ ರಕ್ತ ನೀನು" ಎಂದು ಅತ್ತಳು. ಜಂಬಣ್ಣ "ಮುಂದ ಗೊತ್ತಿಲ್ಲ" ಎಂಬುದರ ಕೆಳಗೆ ಹೊಸ ಗೆರೆ ಎಳೆದು, ಹನುಮಪ್ಪನಿಂದ ನನ್ನ ತನಕ ಎಲ್ಲರ ಹೆಸರನ್ನೂ ಕೇಳಿ ಬರೆದುಕೊಂಡ. ಹೆಸರು ಸೇರಿಸಿದ್ದಕ್ಕೆ ಹೆಳವನಿಗೆ ಬಟ್ಟೆ ಕೊಡಬೇಕು. ನನ್ನ ಹತ್ತಿರ ಬೇರೇನೂ ಇರಲಿಲ್ಲ. ಮೈಮೇಲಿದ್ದ ಕೋಟನ್ನೇ ಬಿಚ್ಚಿ ಅವನ ಹೆಗಲಿಗೆ ಹಾಕಿದೆ. ಅಂದು ಆ ಮನೆಯ ಸಡಗರದಲ್ಲಿ ಮಜ್ಜಿಗೆ ಕುಡಿದು ಹೋದವನ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಯುಗಾದಿಗೆ ಮೂರು ದಿನ ಇರುವಾಗ ಜಂಬಣ್ಣ ಎತ್ತಿನ ಮೇಲೆ ಬಂದು ತಿಕ್ಕಣ್ಣ ತಾತನ ಅಂಗಳದಲ್ಲಿ ನಿಂತು ಹೊತ್ತಿಗೆ ಓದಿದ. ಮುದುಕ ಕಣ್ಣು ಮುಚ್ಚಿ ಕೇಳಿ, ಎದ್ದು ಹೋಗಿ, ಎಲೆ ಅಡಿಕೆಯ ತಟ್ಟೆಯನ್ನು ತಾನೇ ತಂದು ಅಪ್ಪನ ಮುಂದೆ ಇಟ್ಟ. ಹಿಂದೆ ಮನೆಯಳಿಯನಾಗಿ ಹೋದ ಅವರ ಹುಡುಗ ಎಲ್ಲಿಗೆ ಹೋದನೋ ಅದು ಅವರಿಗೆ ಬಿಟ್ಟದ್ದು. ನಮ್ಮ ಅಪ್ಪನಿಗೆ ಮಾತ್ರ ಒಂದು ಸಂಕಟ ಬಂದಿತು. ಬೇವಿನ ಬೆಡಗಿನವರು ಬೇವಿನ ಕಡ್ಡಿ ಮುರಿಯುವಂತಿಲ್ಲ. ಐವತ್ತು ವರ್ಷ ದಿನಾ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದವನು ಮಾರನೆಯ ಬೆಳಿಗ್ಗೆ ಮರದ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿ, ಇದ್ದಿಲು ತೆಗೆದುಕೊಂಡು ಬಚ್ಚಲಿಗೆ ಹೋದ.

ಸಂಬಂಧ ಗಟ್ಟಿಯಾದ ಮೇಲೆ ನಾನು ತಿಕ್ಕಣ್ಣ ತಾತನನ್ನು ನೇರವಾಗಿ ಕೇಳಿದೆ, ನನ್ನ ಮುಂದೆ ಆಳು ಕಳಿಸಿದ್ದಿರಾ ಎಂದು. ಅವನು ಮನೆದೇವರ ಮೇಲೆ ಆಣೆ ಇಟ್ಟ. ಬಳ್ಳಾರಿಯ ಸಂಬಂಧದವರಿಗೆ ಈ ಬೆಡಗಿನ ತಕರಾರು ಇದೆಯೆಂಬುದೇ ಗೊತ್ತಿರಲಿಲ್ಲ. ಹಾಗಾದರೆ ಇನ್ನಾವನೋ ತನ್ನ ಇನ್ನಾವ ಈರಣ್ಣನನ್ನೋ ಹುಡುಕುತ್ತಿದ್ದಿರಬೇಕು ಎಂದುಕೊಂಡೆ. ಹೆಸರು ಅಗ್ಗದ್ದು, ಕಂಬಳಿ ಎಲ್ಲರೂ ಹೊದೆಯುವಂಥದ್ದು. ಆದೋನಿ ಎಂದದ್ದು ಕಾಕತಾಳೀಯ. ಬಯಲಿನಲ್ಲಿ ಕಾಣಲಿಲ್ಲವೆಂದರೆ ಮುದುಕಿ ಯಾವ ಕಡೆಗೋ ಹೋದವನನ್ನು ಯಾವ ಕಡೆಗೋ ತೋರಿಸಿದ್ದಾಳು. ಹೀಗೆ ಒಂದೊಂದಕ್ಕೂ ಒಂದೊಂದು ಸಮಾಧಾನ ಹೇಳಿಕೊಂಡು ನೆಮ್ಮದಿಯಾಗಿದ್ದೆ.

ವೈಶಾಖದಲ್ಲಿ ಮದುವೆ ನಡೆಯಿತು. ಹುಲಿಗೆವ್ವ ಅಳಿಯ ತಾತನ ಹುಟ್ಟುಮನೆಯ ಹಿರಿಯಳಾಗಿ ರೈಲಿನಲ್ಲಿ ಬಂದು ಸುಂಕಮ್ಮನಿಗೆ ಉಡಿ ತುಂಬಿದಳು. ಜಂಬಣ್ಣ ಹಂದರದಲ್ಲಿ ನಿಂತು "ಮಲ್ಲಪ್ಪನ ಮಗ ಈರಣ್ಣ, ಈರಣ್ಣನ ಮಗ ಹನುಮಪ್ಪ" ಎಂದು ಒಂದು ತಲೆಯನ್ನೂ ಹಾರಿಸದೆ ಹೇಳಿದ. ನನ್ನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಊಟವಾದ ಮೇಲೆ ನಾನು ಹುಲಿಗೆವ್ವನ ಪಕ್ಕದಲ್ಲಿ ಕೂತು, ತಮಾಷೆಗೆ, ಆ ಕಂಬಳಿಯಾತ ಅಳಿಯ ತಾತನ ವಿಷಯ ಕೇಳಲು ಮತ್ತೆ ಬಂದಿದ್ದನೇ ಎಂದು ಕಿವಿಯ ಹತ್ತಿರ ಕೂಗಿ ಕೇಳಿದೆ.

"ಯಾರ ವಿಷಯಾನೂ ಕೇಳ್ಲಿಲ್ಲಪಾ ಆತ," ಎಂದಳು. "ಬಾಗಿಲದಾಗ ನಿಂತ. ಅವ್ವಾ, ನಾನು ಈರಣ್ಣ, ಆದೋನಿಗೆ ಹೋದಾತ, ನನ್ನ ಹುಡಿಕ್ಕೊಂಡು ಯಾರಾರ ಬಂದಿದ್ರೇನು ಅಂದ."

ಸುಂಕಮ್ಮ ನನ್ನ ಮುಖ ನೋಡಿ, ತಾನೇ ಮುಂದಕ್ಕೆ ಬಾಗಿ, "ನೀವೇನಂದ್ರಿ ಅವ್ವಾ?" ಎಂದು ಕೇಳಿದಳು.

"ಏನಂತೀನವ್ವ? ಯಾರೋ ಗುರುತಿಲ್ಲದಾತ. ಈರಣ್ಣಗಳು ಏನು ಒಬ್ಬರಾ ಇಬ್ಬರಾ? ಇಲ್ಲಪಾ, ಯಾರೂ ಬಂದಿಲ್ಲ ಅಂದೆ. ಹೌದಾ ಅಂದ. ಬಿಸಲಾಗ ಬಂದಾನಂತ ಮಜ್ಜಿಗಿ ಕೊಟ್ಟೆ. ಕುಡುದು, ಬಟ್ಲ ಇಟ್ಟು, ಹೋದ."

ಇದಾಗಿ ಬಹಳ ವರ್ಷಗಳು ಕಳೆದಿವೆ. ಹುಲಿಗೆವ್ವ ಹೋದಳು, ಜಂಬಣ್ಣ ಹೋದ. ಕೌತಾಳಂಗೆ ಮತ್ತೆ ಹೋಗಿ ಲಿಂಗಣ್ಣನ ಸೊಸೆಯನ್ನು ಕೇಳಿದ್ದೂ ಆಯಿತು. ಆಕೆಗೆ ಕಂಬಳಿ, ನೀರು ಬಿಟ್ಟು ಬೇರೇನೂ ನೆನಪಿರಲಿಲ್ಲ. ಕಂಬಳಿಯಾತ ಮತ್ತೆ ಯಾವ ಊರಿನಲ್ಲಿಯೂ ಯಾರ ಬಾಗಿಲಿಗೂ ಬಂದ ಸುದ್ದಿಯಿಲ್ಲ. ಅವನು ಯಾರೆಂದು ನಾನು ಇಂದಿಗೂ ಹೇಳಲಾರೆ, ನಂಬಿದ್ದೇನೆಂದೂ ಹೇಳಲಾರೆ, ನಂಬಿಲ್ಲವೆಂದೂ ಹೇಳಲಾರೆ. ಇಂಥ ಮಾತು ಬಂದಾಗ ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಇಲ್ಲಿಯವರೆಗೆ ಸುಂಕಮ್ಮನಿಗೂ ಹೇಳದ ಒಂದು ಮಾತಿದೆ. ಅದನ್ನು ಬರೆದು ಮುಗಿಸುತ್ತೇನೆ. ಹುಲಿಗೆವ್ವ ಅವನಿಗೆ ಸುಳ್ಳು ಹೇಳಿರಲಿಲ್ಲ, ಆಗ ಯಾರೂ ಬಂದಿರಲಿಲ್ಲ. ಅವನು ಆಕೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೊತ್ತಿನಲ್ಲಿ ನಾನು ಮದ್ದಿಕೇರದ ಹೊರಗಿನ ಬಾವಿಯ ಹತ್ತಿರ ಸೈಕಲ್ ನಿಲ್ಲಿಸಿದ್ದೆ. ಗುರುತಿಲ್ಲದವರ ಮನೆಗೆ ಧೂಳುಮುಖದಲ್ಲಿ ಹೋಗುವುದು ಚೆನ್ನಾಗಿರುವುದಿಲ್ಲ ಎಂದು ಮುಖ ತೊಳೆದು, ಕೋಟು ಕೊಡವಿ, ನೀರಿನಲ್ಲಿ ನೋಡಿಕೊಂಡು ಎರಡು ಸಲ ತಲೆ ಬಾಚಿಕೊಂಡೆ.